22 ಸಾವಿರದೊಳಗೆ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್: ಕುಮಟಾ ಕಡೆಯ ಅಂಗಡಿ ಕೆಲಸಕ್ಕೆ ಯಾವುದು ಆದೀತು?

ಅಘನಾಶಿನಿ_ದಂಡೆ, ಕುಮಟಾ:

ನಮಸ್ಕಾರ. ಅಂಗಡಿ ಲೆಕ್ಕ (ಎಕ್ಸೆಲ್ ಹಾಳೆಯಲ್ಲೇ, ಟ್ಯಾಲಿ ಇಲ್ಲ), ಪತ್ರ ಬರೆಯುವುದು, ಬ್ಯಾಂಕು, ಜಿಎಸ್‌ಟಿ ರಿಟರ್ನ್, ಪಹಣಿ ತೆಗೆಯುವುದು, ಸಂಜೆ ಮಕ್ಕಳು ಯೂಟ್ಯೂಬ್‌ನಲ್ಲಿ ಪಾಠ ನೋಡುವುದು. ನಮ್ಮ ಕೆಲಸ ಇಷ್ಟೇ. ಬಜೆಟ್ 22 ಸಾವಿರ. ಎದುರಿಗೆ ಎರಡು ಆಯ್ಕೆ ಇವೆ.

ಒಂದು, ಹೊಸದು: ಸೆಲೆರಾನ್ ಎನ್4020, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿ ಬದಲು ಬಳಸುವ ಅಗ್ಗದ ಸಂಗ್ರಹ ಚಿಪ್), ವಿಂಡೋಸ್ 11, ಒಂದು ವರ್ಷ ವಾರಂಟಿ. ಇನ್ನೊಂದು, ಹುಬ್ಬಳ್ಳಿಯಲ್ಲಿ ಸಿಗುವ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವುದು): ಥಿಂಕ್‌ಪ್ಯಾಡ್ ಟಿ480 ಅಥವಾ ಡೆಲ್ ಲ್ಯಾಟಿಟ್ಯೂಡ್ 7490, ಎಂಟನೇ ತಲೆಮಾರಿನ ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, ಅಂಗಡಿಯವರ ಆರು ತಿಂಗಳ ಗ್ಯಾರಂಟಿ. ದರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಬೇಕು ಅಂತ ಇದೆ. ವಿಂಡೋಸ್ ಪೂರ್ತಿ ತೆಗೆಯಲೋ, ಎರಡನ್ನೂ ಇಟ್ಟುಕೊಳ್ಳಲೋ? ಕೆನಾನ್ ಎಲ್‌ಬಿಪಿ2900 ಪ್ರಿಂಟರ್ ಇದೆ. ಹಳೆಯ ನುಡಿ (ಕನ್ನಡ ಬರೆಯುವ ತಂತ್ರಾಂಶ) ಫೈಲುಗಳು ರಾಶಿ ಇವೆ. ಇಂಟರ್ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್. ಮಳೆಗಾಲದಲ್ಲಿ ಕರೆಂಟಿನ ಕತೆ ನಿಮಗೆಲ್ಲ ಗೊತ್ತೇ ಇದೆ.


ಸೊಪ್ಪಿನಬೆಟ್ಟ, ಶಿರಸಿ:

ಮೊದಲನೆಯದನ್ನು ಬಿಡಿ. ಹೊಸದು ಎಂಬುದೊಂದೇ ಅದರ ಗುಣ. ಎನ್4020ಯಲ್ಲಿ ಇರುವುದು ಎರಡು ಕೋರ್ (ಕೆಲಸ ಮಾಡುವ ಘಟಕ), ಎರಡೇ ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸ). 64 ಜಿಬಿಯಲ್ಲಿ ವಿಂಡೋಸ್ 11 ಮತ್ತು ಅದರ ಅಪ್‌ಡೇಟ್‌ಗಳು ಕೂತ ಮೇಲೆ ನಿಮ್ಮ ಫೈಲಿಗೆ ಉಳಿಯುವ ಜಾಗ ಬಹಳ ಕಡಿಮೆ. ಇಎಂಎಂಸಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಈ ದರದ ಹೆಚ್ಚಿನವುಗಳಲ್ಲಿ ರ್‍ಯಾಮ್ ಕೂಡ ಹಾಗೇ. ಮುಂದೆ ಹೆಚ್ಚಿಸಲು ದಾರಿ ಇಲ್ಲ, ಕೆಟ್ಟರೆ ಬೋರ್ಡೇ ಬದಲು. ಲಿನಕ್ಸ್ ಹಾಕಿದರೂ ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ 4 ಜಿಬಿ ಮುಗಿಯುತ್ತದೆ. ನಿಧಾನ ಮಾಡುತ್ತಿರುವುದು ವಿಂಡೋಸ್ ಒಂದೇ ಅಲ್ಲ, ಇಂದಿನ ವೆಬ್‌ಸೈಟುಗಳೂ ಹೌದು.

ಎರಡನೆಯದರಲ್ಲಿ ಟಿ480 ಆಗಲಿ 7490 ಆಗಲಿ, ರ್‍ಯಾಮಿಗೆ ಎರಡು ಸ್ಲಾಟ್ (ಡಿಡಿಆರ್4), ಎಸ್‌ಎಸ್‌ಡಿ ಬಿಚ್ಚಿ ಬದಲಿಸಬಹುದು, ವೈಫೈ ಕಾರ್ಡೂ ಬಿಚ್ಚಬಹುದು. ಎಂಟನೇ ತಲೆಮಾರಿನ ಐ5-8250ಯು, 8350ಯುಗಳಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್.

ಅಂಗಡಿಯಲ್ಲಿ ‘ಟಿ460 ತಗೊಳ್ಳಿ, ಐದಾರು ಸಾವಿರ ಕಮ್ಮಿ, ನೋಡಲು ಒಂದೇ’ ಎನ್ನುತ್ತಾರೆ. ನೋಡಲು ಒಂದೇ, ಒಳಗೆ ಅಲ್ಲ. ಆರನೇ ಮತ್ತು ಏಳನೇ ತಲೆಮಾರಿನ ಯು ಸರಣಿಯ ಐ5 ಎರಡೇ ಕೋರ್. ಆರನೆಯದರಲ್ಲಿ ಯೂಟ್ಯೂಬ್ ಬಳಸುವ ವಿಪಿ9 ವಿಡಿಯೊ ಬಿಡಿಸುವ ಪೂರ್ಣ ಹಾರ್ಡ್‌ವೇರ್ ಇಲ್ಲ, ಆ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬರುತ್ತದೆ. ಫ್ಯಾನ್ ಕಿರುಚುತ್ತದೆ, ಬ್ಯಾಟರಿ ಇಳಿಯುತ್ತದೆ. ಜೊತೆಗೆ ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮಾತ್ರ ಮಾನ್ಯತೆ, ಏಳನೆಯದರಲ್ಲಿ ಬೆರಳೆಣಿಕೆಯ ಅಪವಾದ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಕಂಪನಿಗಳು ಕಳಚಿಕೊಂಡ ಹಳೆಯ ಯಂತ್ರಗಳು ಮಾರುಕಟ್ಟೆಯಲ್ಲಿ ಧಾರಾಳ ಇವೆ. ಬರೀ ಲಿನಕ್ಸ್ ಸಾಕು ಎನ್ನುವವರಿಗೆ ಏಳನೇ ತಲೆಮಾರು ಅಗ್ಗದಲ್ಲಿ ಒಳ್ಳೆಯ ಪದಾರ್ಥವೇ. ನಿಮಗೆ ವಿಂಡೋಸ್ ಬೇಕಾದೀತು ಅನ್ನಿಸುತ್ತದೆ, ಎಂಟರ ಕೆಳಗೆ ಇಳಿಯಬೇಡಿ.

ಹುಬ್ಬಳ್ಳಿಗೆ ಹೋಗುವಾಗ ಮಿಂಟ್ ತುಂಬಿದ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಬೂಟ್ ಮಾಡಿ ಅಲ್ಲೇ ಪರೀಕ್ಷಿಸಿ. ಬೂಟ್ ಮೆನುಗೆ ಥಿಂಕ್‌ಪ್ಯಾಡ್, ಡೆಲ್ ಎರಡರಲ್ಲೂ ಎಫ್12. ಬಯೋಸ್‌ಗೆ (ಯಂತ್ರದ ಮೂಲ ಸೆಟಿಂಗ್ಸ್ ಪುಟ) ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್‌ನಲ್ಲಿ ಎಫ್2. ಯಾವ ಅಂಗಡಿಯವ ಲೈವ್ ಬೂಟ್ ಮಾಡಲು ಬಿಡುವುದಿಲ್ಲವೋ ಅಲ್ಲಿ ಕೊಳ್ಳಬೇಡಿ.

ಬಯೋಸ್ ಒಳಗೆ ಹೋದಾಗ ಪಾಸ್‌ವರ್ಡ್ ಕೇಳಿದರೆ ಆ ಯಂತ್ರವನ್ನು ಅಲ್ಲೇ ಬಿಡಿ. ಹಳೆಯ ಕಂಪನಿಯ ಸೂಪರ್‌ವೈಸರ್ ಪಾಸ್‌ವರ್ಡ್ ಉಳಿದಿದ್ದರೆ ಸೆಕ್ಯೂರ್ ಬೂಟ್ (ಸಹಿಯಿರುವ ಸಿಸ್ಟಂ ಮಾತ್ರ ತೆರೆಯಲು ಬಿಡುವ ಕಾವಲು), ಡಿಸ್ಕ್ ಮೋಡ್ ಯಾವುದನ್ನೂ ನೀವು ಮುಟ್ಟುವಂತಿಲ್ಲ. ಅಲ್ಲೇ ‘ಕಂಪ್ಯೂಟ್ರೇಸ್’ ಅಥವಾ ‘ಅಬ್ಸೊಲ್ಯೂಟ್’ ಎಂಬ ಸಾಲು ನೋಡಿ. ‘ಆಕ್ಟಿವೇಟೆಡ್’ ಎಂದಿದ್ದರೆ ಹಳೆಯ ಮಾಲೀಕರ ಪತ್ತೆ ವ್ಯವಸ್ಥೆ ಇನ್ನೂ ಜೀವಂತ ಎಂದರ್ಥ, ಅದೂ ಬೇಡ.

ಪರದೆ 1920×1080 ಇದೆಯೇ ನೋಡಿ. ಈ ಎರಡೂ ಮಾಡೆಲ್ 1366×768 ಪರದೆಯೊಂದಿಗೂ ಬಂದಿವೆ, ಅದರಲ್ಲಿ ದೊಡ್ಡ ಲೆಕ್ಕದ ಹಾಳೆ ನೋಡುವುದು ಕಷ್ಟ. ಬ್ಯಾಟರಿಗೆ ಲೈವ್ ಮಿಂಟ್‌ನ ಟರ್ಮಿನಲ್‌ನಲ್ಲಿ ಯುಪವರ್ ಆದೇಶವನ್ನು ‘ಡಂಪ್’ ಆಯ್ಕೆ ಕೊಟ್ಟು ಓಡಿಸಿ. ‘ಎನರ್ಜಿ-ಫುಲ್’ ಮತ್ತು ‘ಎನರ್ಜಿ-ಫುಲ್-ಡಿಸೈನ್’ ಎಂದು ಎರಡು ಅಂಕೆ ಕಾಣುತ್ತವೆ. ಮೊದಲನೆಯದು ಎರಡನೆಯದರ ಮುಕ್ಕಾಲಿಗಿಂತ ಕಡಿಮೆ ಇದ್ದರೆ ದರ ಇಳಿಸಿ ಕೇಳಿ, ಅರ್ಧದ ಕೆಳಗಿದ್ದರೆ ಬೇರೆ ಬ್ಯಾಟರಿ ಕೇಳಿ. ಎಸ್‌ಎಸ್‌ಡಿಗೆ ಸ್ಮಾರ್ಟ್‌ಮಾನ್‌ಟೂಲ್ಸ್ (ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ) ಹಾಕಿ ‘ಪರ್ಸೆಂಟೇಜ್ ಯೂಸ್ಡ್’ ನೋಡಿ. 20 ಶೇಕಡಾ ಒಳಗಿದ್ದರೆ ಚಿಂತೆಯಿಲ್ಲ.

ಟಿ480 ಆದರೆ ಎರಡು ಬ್ಯಾಟರಿ: ಒಳಗೆ 24 ವ್ಯಾಟ್-ಅವರ್‌ನದು ಒಂದು, ಹಿಂದೆ ಕಳಚುವಂಥದು ಒಂದು (24, 48 ಅಥವಾ 72). ಯಂತ್ರ ಚಾಲೂ ಇರುವಾಗಲೇ ಹಿಂದಿನದನ್ನು ಬದಲಿಸಬಹುದು. ದಿನಗಟ್ಟಲೆ ಕರೆಂಟು ಹೋಗುವ ಊರಿಗೆ ಇದಕ್ಕಿಂತ ಉಪಕಾರಿಯಾದ್ದು ಇಲ್ಲ, ಹಾಗಾಗಿ ನನ್ನ ಮತ ಟಿ480ಗೆ. ಆದರೆ ಅದರ ಟೈಪ್-ಸಿ ಪೋರ್ಟಿನಲ್ಲಿ ಚಾರ್ಜ್ ಆಗುವುದನ್ನು ಕಣ್ಣಾರೆ ನೋಡಿ. ಥಂಡರ್‌ಬೋಲ್ಟ್‌ನ (ಆ ಪೋರ್ಟನ್ನು ನಡೆಸುವ ವ್ಯವಸ್ಥೆ) ಹಳೆಯ ಫರ್ಮ್‌ವೇರ್ ತನ್ನದೇ ಚಿಪ್‌ನಲ್ಲಿ ಅತಿಯಾಗಿ ಬರೆದು ಪೋರ್ಟನ್ನು ಕೆಡಿಸುವ ದೋಷ ಈ ಮಾಡೆಲಿನಲ್ಲಿ ಇತ್ತು. ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೆ ಮುಂದೆ ಕೆಡದು, ಆಗಲೇ ಕೆಟ್ಟದ್ದು ಅಪ್‌ಡೇಟ್‌ನಿಂದ ಸರಿಹೋಗದಿರಬಹುದು.


ಕೋಡಿಬಾಗ, ಕಾರವಾರ:

ಯಂತ್ರದ ವಿಷಯ ಸರಿಯಾಗಿ ಬಂತು. ಆದರೆ ಲಿನಕ್ಸ್‌ಗೆ ಹೋಗಿ ವಾಪಸ್ ಬರುವವರು ಹೆಚ್ಚಾಗಿ ಲ್ಯಾಪ್‌ಟಾಪಿನಿಂದಾಗಿ ಬರುವುದಲ್ಲ, ಅದಕ್ಕೆ ಚುಚ್ಚುವ ಸಾಮಾನಿನಿಂದ. ಮೊದಲು ಅದರ ಪಟ್ಟಿ ಮಾಡಿ.

ನಿಮ್ಮ ಎಲ್‌ಬಿಪಿ2900 ಈ ಪಟ್ಟಿಯಲ್ಲಿ ಬಹಳ ತೊಂದರೆಯ ಹೆಸರು. ಅದು ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಎಂಬ ಸಾಮಾನ್ಯ ಪ್ರಿಂಟರ್ ಭಾಷೆಗಳು ತಿಳಿಯದ, ಕ್ಯಾಪ್ಟ್ ಎಂಬ ತನ್ನದೇ ಭಾಷೆಯ ಪ್ರಿಂಟರ್. ಲಿನಕ್ಸ್ ಡ್ರೈವರ್ ಇದೆ, ಆದರೆ ಹಳೆಯದು. ಹಿನ್ನೆಲೆಯಲ್ಲಿ ಸಿಸಿಪಿಡಿ ಎಂಬ ಸೇವೆ ಓಡುತ್ತಿರಬೇಕು. ಪ್ರಿಂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಅದು ಪ್ರಿಂಟರನ್ನು ಗುರುತಿಸದೆ ಕ್ಯೂ ನಿಂತುಬಿಡುವುದು ಸಾಮಾನ್ಯ. ದಿನಕ್ಕೆ ಇಪ್ಪತ್ತು ಬಿಲ್ ತೆಗೆಯುವ ಅಂಗಡಿಯಲ್ಲಿ ಈ ಗೋಳು ಬೇಡ. ಆ ಪ್ರಿಂಟರ್ ಇರುವವರೆಗೆ ಪ್ರಿಂಟಿಗೆ ವಿಂಡೋಸ್ ಇಟ್ಟುಕೊಳ್ಳಿ. ಮುಂದೆ ಬದಲಿಸುವಾಗ ಬ್ರದರ್‌ನ ಕಪ್ಪು-ಬಿಳುಪು ಲೇಸರ್ ನೋಡಿ, ಕಂಪನಿಯೇ ಡೆಬ್ ಪ್ಯಾಕೇಜ್ (ಮಿಂಟ್‌ನಲ್ಲಿ ನೇರ ಹಾಕಬಹುದಾದ ಫೈಲು) ಕೊಡುತ್ತದೆ, ಹಲವು ಮಾಡೆಲಿಗೆ ಬ್ರ್‌ಲೇಸರ್ ಎಂಬ ಮುಕ್ತ ಡ್ರೈವರೂ ಇದೆ. ಎಪ್ಸನ್‌ನ ಎಲ್ ಸರಣಿಯ ಇಂಕ್ ಟ್ಯಾಂಕುಗಳಿಗೂ ಡ್ರೈವರ್ ಸಿಗುತ್ತದೆ. ಹಳೆಯ ಎಚ್‌ಪಿ 1020, ಎಂ1005 ಇರುವವರಿಗೆ ಎಚ್‌ಪ್ಲಿಪ್ (ಎಚ್‌ಪಿಯ ಲಿನಕ್ಸ್ ಡ್ರೈವರ್) ಜೊತೆ ಅದರ ಪ್ಲಗಿನ್ ಬೇರೆಯಾಗಿ ಇಳಿಸಬೇಕು. ಎಚ್‌ಪ್ಲಿಪ್ ಅಪ್‌ಡೇಟ್ ಆಗಿ ಆವೃತ್ತಿ ಬದಲಾದ ದಿನ ಪ್ಲಗಿನ್ ಹೊಂದದೆ ಪ್ರಿಂಟ್ ನಿಲ್ಲುತ್ತದೆ. ಪ್ಲಗಿನ್ ಮತ್ತೆ ಹಾಕಿದರೆ ಆಯಿತು.

ಜಿಎಸ್‌ಟಿ ನಿಮ್ಮದು ಮಾಲೀಕತ್ವದ ಅಂಗಡಿಯಾದರೆ ಮೊಬೈಲ್ ಒಟಿಪಿ ಸಾಕು, ಬ್ರೌಸರಿನಲ್ಲೇ ಮುಗಿಯುತ್ತದೆ. ಕಂಪನಿ ಅಥವಾ ಎಲ್‌ಎಲ್‌ಪಿಗೆ ಡಿಜಿಟಲ್ ಸಹಿ ಕಡ್ಡಾಯ. ಆ ಯುಎಸ್‌ಬಿ ಟೋಕನ್, ಅದರ ಡ್ರೈವರ್, ಪೋರ್ಟಲಿನ ಸಹಿ ಮಾಡುವ ತಂತ್ರಾಂಶ ಮೂರೂ ಲಿನಕ್ಸ್‌ನಲ್ಲಿ ಕೂಡಿಬರುವುದು ಅಪರೂಪ. ಗ್ರಾಮ ಒನ್, ಸಿಎಸ್‌ಸಿ ನಡೆಸುವವರು ಇದನ್ನು ಓದುತ್ತಿದ್ದರೆ: ಬೆರಳಚ್ಚು ಯಂತ್ರಗಳ ಆರ್‌ಡಿ ಸರ್ವಿಸ್ (ಆಧಾರ್ ದೃಢೀಕರಣಕ್ಕೆ ಬೇಕಾದ ತಂತ್ರಾಂಶ) ಸಿಗುವುದು ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ. ಆ ಕಂಪ್ಯೂಟರನ್ನು ಮುಟ್ಟಲೇಬೇಡಿ.

ಎರಡೂ ಇಡುವುದಾದರೆ ನನ್ನ ಸಲಹೆ ಬೇರೆ. ಒಂದೇ ಎಸ್‌ಎಸ್‌ಡಿಯನ್ನು ಹೋಳು ಮಾಡುವ ಬದಲು ವಿಂಡೋಸ್ ಇರುವುದನ್ನು ಬಿಚ್ಚಿ ಕವರಿಗೆ ಹಾಕಿಡಿ, ಹೊಸ 256 ಜಿಬಿ ಹಾಕಿ ಅದರಲ್ಲಿ ಮಿಂಟ್ ಒಂದೇ ಇರಲಿ. ವಿಂಡೋಸ್ ಅಪ್‌ಡೇಟ್ ಬೂಟ್ ಕ್ರಮ ಬದಲಿಸಿತು, ಗ್ರಬ್ (ಆನ್ ಮಾಡಿದಾಗ ಯಾವ ಸಿಸ್ಟಂ ಎಂದು ಕೇಳುವ ಪಟ್ಟಿ) ಮಾಯವಾಯಿತು ಎಂಬ ತಾಪತ್ರಯವೇ ಇಲ್ಲ.


ಸೊಪ್ಪಿನಬೆಟ್ಟ, ಶಿರಸಿ:

ಪ್ರಿಂಟಿಗೆ ದಿನಾ ವಿಂಡೋಸ್ ಬೇಕು ಅಂತ ನೀವೇ ಹೇಳಿದಿರಿ, ಈಗ ಎಸ್‌ಎಸ್‌ಡಿ ಕವರಿನಲ್ಲಿಡಿ ಅಂತೀರಿ. ದಿನಕ್ಕೆರಡು ಸಲ ಸ್ಕ್ರೂ ಬಿಚ್ಚುವುದೇ ಮಾರಾಯ್ರೆ? ಇವರಿಗೆ ಡ್ಯುಯಲ್ ಬೂಟೇ (ಒಂದೇ ಡಿಸ್ಕಿನಲ್ಲಿ ಎರಡೂ) ಸರಿ. ಗ್ರಬ್ ಹೋದರೂ ಬಯೋಸ್‌ನ ಬೂಟ್ ಕ್ರಮದಲ್ಲಿ ‘ಉಬುಂಟು’ ಎಂಬ ಸಾಲನ್ನು ಮೇಲೆ ತಂದರೆ ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ (ಮಿಂಟ್ ಆ ಹೆಸರಿನಲ್ಲೇ ಕೂರುತ್ತದೆ).


ಅಘನಾಶಿನಿ_ದಂಡೆ, ಕುಮಟಾ:

ಟಿ480 ಒಳ್ಳೆಯ ಪರದೆಯದು ಸಿಗಲಿಲ್ಲ, ಲ್ಯಾಟಿಟ್ಯೂಡ್ 7490 ತಂದಾಯಿತು. ಬಯೋಸ್ ತೆರೆದಿದೆ, ಬ್ಯಾಟರಿ 80 ಶೇಕಡಾದ ಮೇಲಿದೆ. ಲೈವ್‌ನಲ್ಲಿ ವೈಫೈ, ಕ್ಯಾಮೆರಾ, ಸದ್ದು ಎಲ್ಲ ಸರಿ. ಆದರೆ ಇನ್‌ಸ್ಟಾಲ್ ಮಾಡಲು ಹೋದರೆ ಪೆನ್‌ಡ್ರೈವ್ ಬಿಟ್ಟು ಬೇರೆ ಡಿಸ್ಕೇ ಕಾಣುತ್ತಿಲ್ಲ. ವಿಂಡೋಸ್ ಮಾತ್ರ ಸರಿಯಾಗಿ ತೆರೆಯುತ್ತದೆ.


ಹಳೆ_ಕೀಲಿಮಣೆ, ಯಲ್ಲಾಪುರ:

ಡೆಲ್‌ನವರು ಲ್ಯಾಟಿಟ್ಯೂಡ್‌ಗಳನ್ನು ‘ರೇಡ್ ಆನ್’ ಮೋಡ್‌ನಲ್ಲಿ ಕಳಿಸುತ್ತಾರೆ. ಆ ಮೋಡ್‌ನಲ್ಲಿ ಎನ್‌ವಿಎಂಇ ಡಿಸ್ಕು (ವೇಗದ ಬಗೆಯ ಎಸ್‌ಎಸ್‌ಡಿ) ಇಂಟೆಲ್‌ನ ಆರ್‌ಎಸ್‌ಟಿ ಎಂಬ ಡಿಸ್ಕ್ ವ್ಯವಸ್ಥೆಯ ಹಿಂದೆ ಅಡಗಿರುತ್ತದೆ, ಲಿನಕ್ಸ್‌ಗೆ ಕಾಣುವುದಿಲ್ಲ. ಬಯೋಸ್‌ನಲ್ಲಿ ಸಾಟಾ ಆಪರೇಷನ್ ಅಡಿಯಲ್ಲಿ ‘ಎಎಚ್‌ಸಿಐ’ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಬೇಡಿ. ಹಾಗೆ ಮಾಡಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎನ್ನುತ್ತದೆ, ಯಾಕೆಂದರೆ ಎಎಚ್‌ಸಿಐ ಡ್ರೈವರನ್ನು ಅದು ಬೂಟ್ ಸಮಯಕ್ಕೆ ತಯಾರಿಟ್ಟುಕೊಂಡಿರುವುದಿಲ್ಲ. ಕ್ರಮ ಹೀಗಿರಲಿ.

ಮೊದಲು ವಿಂಡೋಸ್ ಸೆಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅಥವಾ ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಹಾಕುವ ಬೀಗ) ಇದೆಯೇ ನೋಡಿ. ಇದ್ದರೆ ಆಫ್ ಮಾಡಿ, ಪೂರ್ತಿ ಬಿಡಿಸಿ ಮುಗಿಯುವವರೆಗೆ ಕಾಯಿರಿ. ಇದನ್ನು ಬಿಟ್ಟು ಬಯೋಸ್ ಬದಲಿಸಿದರೆ 48 ಅಂಕೆಯ ರಿಕವರಿ ಕೀ ಕೇಳುತ್ತದೆ. ಹಳೆಯ ಮಾಲೀಕರ ಖಾತೆಯಲ್ಲಿ ಅದು ಇದ್ದರೆ ನಿಮಗೆ ಸಿಗುವುದಿಲ್ಲ. ನಂತರ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್, ಮಿನಿಮಲ್’ ಗುರುತು ಹಾಕಿ ರೀಸ್ಟಾರ್ಟ್ ಮಾಡಿ. ಮೇಲೆ ಬರುವಾಗಲೇ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ಎಎಚ್‌ಸಿಐ ಆಯ್ದು ಉಳಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆಯುತ್ತದೆ, ಆಗ ಡ್ರೈವರ್ ತಾನೇ ಕೂರುತ್ತದೆ. ಎಂಎಸ್‌ಕಾನ್ಫಿಗ್‌ನ ಗುರುತು ತೆಗೆದು ಮತ್ತೊಮ್ಮೆ ರೀಸ್ಟಾರ್ಟ್. ಈಗ ಮಿಂಟ್‌ಗೂ ಡಿಸ್ಕು ಕಾಣುತ್ತದೆ.

ಮಿಂಟ್‌ಗೆ ಹೋಗುವ ಮುಂಚೆ ವಿಂಡೋಸ್‌ನಲ್ಲೇ ಮಾಡಬೇಕಾದ್ದು ಇನ್ನೆರಡು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಯಲ್ಲಿ ‘ಫಾಸ್ಟ್ ಸ್ಟಾರ್ಟ್‌ಅಪ್’ ತೆಗೆಯಿರಿ. ಅದು ಇದ್ದರೆ ಶಟ್‌ಡೌನ್ ಎಂದಾಗ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ, ಅದರ ವಿಭಾಗದಲ್ಲಿ ಲಿನಕ್ಸ್‌ನಿಂದ ಓದಬಹುದೇ ಹೊರತು ಬರೆಯಲಾಗದು. ಎರಡನೆಯದು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು ‘ಶ್ರಿಂಕ್’ ಮಾಡಿ 120 ಜಿಬಿಯಷ್ಟು ಖಾಲಿ ಜಾಗ ಬಿಡಿಸಿ. ಅಷ್ಟು ಬಿಡದೆ ಕಮ್ಮಿ ತೋರಿಸಿದರೆ ಹೈಬರ್ನೇಷನ್, ಪೇಜ್‌ಫೈಲ್, ಸಿಸ್ಟಂ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ಮತ್ತೆ ನೋಡಿ. ಸರಿಸಲಾಗದ ಫೈಲುಗಳು ನಡುವೆ ಕೂತಿರುವುದೇ ಕಾರಣ.

ಇನ್‌ಸ್ಟಾಲರ್ ಭಾಷೆ ಇಂಗ್ಲಿಷ್‌ನಲ್ಲೇ ಇರಲಿ. ಮುಂದೆ ದೋಷದ ಸಂದೇಶ ಹುಡುಕಲು ಅನುಕೂಲ. ಕನ್ನಡ ಬರೆಯಲು ಓದಲು ಅದರಿಂದ ಅಡ್ಡಿಯಿಲ್ಲ. ‘ಮಲ್ಟಿಮೀಡಿಯಾ ಕೋಡೆಕ್’ ಗುರುತು ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಅಲ್ಲಿ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ಕೇಳಿದರೆ ಬರೆದಿಟ್ಟುಕೊಳ್ಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆಯ್ದು ಅದನ್ನೇ ಹಾಕಬೇಕು. ಆ ಪರದೆ ಕಂಡು ಗಾಬರಿಯಾಗಿ ‘ಕಂಟಿನ್ಯೂ’ ಒತ್ತುವವರೇ ಹೆಚ್ಚು. ಬಳಿಕ ‘ವಿಂಡೋಸ್ ಬೂಟ್ ಮ್ಯಾನೇಜರ್ ಜೊತೆಗೆ’ ಎಂಬ ಆಯ್ಕೆ. ಖಾಲಿ ಬಿಟ್ಟ ಜಾಗದಲ್ಲಿ ಅದೇ ಕೂರುತ್ತದೆ. ಬೇರೆ ಸ್ವಾಪ್ ವಿಭಾಗ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಬೇಡ, ಮಿಂಟ್ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ.

ಆಮೇಲೆ ಗಡಿಯಾರ. ಎರಡೂ ಇರುವ ಯಂತ್ರದಲ್ಲಿ ವಿಂಡೋಸ್‌ಗೆ ಹೋದಾಗ ಸಮಯ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಬಿಲ್ಲಿನ ದಿನಾಂಕ ತಪ್ಪುವುದು, ಬ್ಯಾಂಕಿನ ಪುಟ ತೆರೆಯದಿರುವುದು ಇದರಿಂದಲೇ ಆಗಬಹುದು. ಮಿಂಟ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶಕ್ಕೆ ‘ಸೆಟ್-ಲೋಕಲ್-ಆರ್‌ಟಿಸಿ 1’ ಎಂದು ಕೊಟ್ಟರೆ ಮುಗಿಯಿತು. ಹಾಗೆ ಮಾಡಿದರೂ ಪ್ರತಿ ಸಲ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗುತ್ತಿದ್ದರೆ ಬೋರ್ಡಿನ ನಾಣ್ಯದ ಬ್ಯಾಟರಿ ಸತ್ತಿದೆ ಎಂದರ್ಥ, ಅದನ್ನು ಬದಲಿಸಿ.

ಹಾಟ್‌ಸ್ಪಾಟ್ ಎಂದಿರಿ. ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ) ಫೈಲೇ 3 ಜಿಬಿ ಹತ್ತಿರ, ಮೊದಲ ಅಪ್‌ಡೇಟೂ ಸಣ್ಣದಲ್ಲ. ಇಳಿಸಿದ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನು (ಫೈಲು ಪೂರ್ತಿ, ಸರಿಯಾಗಿ ಬಂದಿದೆಯೇ ತಿಳಿಸುವ ಸಂಕೇತ) ತಾಳೆ ನೋಡದೆ ಪೆನ್‌ಡ್ರೈವಿಗೆ ಹಾಕಬೇಡಿ. ನೆಟ್‌ವರ್ಕ್ ನಡುವೆ ತುಂಡಾಗುವ ಕಡೆ ಇದು ಬರೀ ಶಾಸ್ತ್ರಕ್ಕಲ್ಲ. ಫೋನನ್ನು ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಮಾಡಿದರೆ ತಂತಿಯ ಇಂಟರ್ನೆಟ್‌ನಂತೆ ತಾನೇ ಹಿಡಿಯುತ್ತದೆ. ತಂತ್ರಾಂಶ ಹಾಕುವಾಗ ಫ್ಲಾಟ್‌ಪ್ಯಾಕ್ (ಯಾವ ಲಿನಕ್ಸ್‌ಗೂ ಹೊಂದುವ ಬಗೆಯ ಪ್ಯಾಕೇಜ್) ಬದಲು ಸಿಸ್ಟಂ ಪ್ಯಾಕೇಜ್ ಆರಿಸಿ. ಮೊದಲನೇ ಫ್ಲಾಟ್‌ಪ್ಯಾಕ್ ತನ್ನ ರನ್‌ಟೈಮ್ ಎಂದು ನೂರಾರು ಎಂಬಿ ಎಳೆಯುತ್ತದೆ.


ಪಡಿಯಚ್ಚು, ಹೊನ್ನಾವರ:

ಕನ್ನಡದ ಪಾಲು ನನಗಿರಲಿ.

ನುಡಿಯಲ್ಲಿ ಬೆರಳು ಪಳಗಿದವರು ಹೊಸದೇನೂ ಕಲಿಯಬೇಕಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್, ಐಬಸ್-ಎಂ17ಎನ್ (ಕನ್ನಡದಂಥ ಭಾಷೆ ಟೈಪ್ ಮಾಡಲು ಬೇಕಾದವು) ಎರಡನ್ನೂ ಹಾಕಿ. ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆಯ್ದು ಲಾಗ್‌ಔಟ್ ಮಾಡಿ ಒಳಬನ್ನಿ (ಇದನ್ನು ಮಾಡದೆ ‘ಬರ್ತಾ ಇಲ್ಲ’ ಎನ್ನುವವರೇ ಜಾಸ್ತಿ). ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಅಡಿ ‘ಕೆಜಿಪಿ’ ಸೇರಿಸಿ. ಅದೇ ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ, ಒತ್ತಿಗೆ ಅದೇ ಎಫ್ ಕೀಲಿ. ಕಂಗ್ಲಿಷ್ ರೂಢಿಯವರು ‘ಐಟ್ರಾನ್ಸ್’ ಸೇರಿಸಿಕೊಳ್ಳಬಹುದು. ಕೀಬೋರ್ಡ್ ಸೆಟಿಂಗ್ಸ್‌ನಲ್ಲೂ ‘ಕನ್ನಡ, ಕಗಪ’ ಎಂಬ ವಿನ್ಯಾಸ ಇದೆ. ಎರಡನ್ನೂ ಒಟ್ಟಿಗೆ ಚಾಲೂ ಇಡಬೇಡಿ, ಯಾವುದು ಯಾವಾಗ ಬರೆಯುತ್ತಿದೆ ಎಂದೇ ತಿಳಿಯುವುದಿಲ್ಲ. ಫಾಂಟಿಗೆ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಒಟ್ಟಿಗೆ ಬರುತ್ತವೆ.

ಹಳೆಯ ನುಡಿ ಫೈಲುಗಳ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಅವು ಯುನಿಕೋಡ್ ಆಗಿದ್ದರೆ ತೊಂದರೆಯೇ ಇಲ್ಲ. ‘ನುಡಿ 01 ಇ’ಯಂಥ ಫಾಂಟಿನಲ್ಲಿ ಬರೆದದ್ದಾದರೆ ಫೈಲಿನೊಳಗೆ ಇರುವುದು ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ಬರೀ ತೆರೆದು ಮುದ್ರಿಸುವುದಾದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಆ ಟಿಟಿಎಫ್ ಫೈಲನ್ನು ತಂದು ಮಿಂಟ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಎಂದರೆ ಸಾಕು. ಆದರೆ ಹುಡುಕುವುದು, ಅಕಾರಾದಿ ಜೋಡಿಸುವುದು, ವಾಟ್ಸಾಪಿಗೆ ಅಂಟಿಸುವುದು ಆಗದು. ಅದಕ್ಕೆ ಪರಿವರ್ತಿಸಲೇಬೇಕು. ನುಡಿಯ ಜೊತೆಗೇ ಪರಿವರ್ತಕ ಇದೆ, ಅದು ವಿಂಡೋಸ್‌ನಲ್ಲಿ. ಡ್ಯುಯಲ್ ಬೂಟ್ ಇಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪರಿವರ್ತಿಸಿದ ಮೇಲೆ ಕಣ್ಣಾಡಿಸಬೇಕಾದ ಜಾಗಗಳು: ಅರ್ಕಾವೊತ್ತು (‘ವರ್ಷ’, ‘ಕಾರ್ಯ’), ದೀರ್ಘದ ಗುರುತು, ನಡುವೆ ಬಂದ ಇಂಗ್ಲಿಷ್ ಪದಗಳು, ಅಂಕೆಗಳು. ಇಂಗ್ಲಿಷ್ ಪದವನ್ನೂ ಪರಿವರ್ತಕ ಕನ್ನಡ ಎಂದುಕೊಂಡು ಏನೇನೋ ಮಾಡಿಬಿಡುತ್ತದೆ. ಮೂಲ ಫೈಲು ಅಳಿಸಬೇಡಿ.

ಲಿಬ್ರೆ ಆಫೀಸ್‌ನಲ್ಲಿ ಕನ್ನಡಕ್ಕೆ ಫಾಂಟು, ಗಾತ್ರ ಎರಡೂ ಬೇರೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್‌ನಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಸಾಲಿಗೆ ಕನ್ನಡ ಆಯ್ಕೆ ಮಾಡಿ. ನಂತರ ರೈಟರ್‌ನ ಮೂಲ ಫಾಂಟುಗಳಲ್ಲಿ ಸಿಟಿಎಲ್ ಕಾಲಂನಲ್ಲಿ ನಿಮ್ಮ ಫಾಂಟು ಇಡಿ. ಇಲ್ಲದಿದ್ದರೆ ಇಂಗ್ಲಿಷ್ ಹೇಳಿದ ಗಾತ್ರಕ್ಕೆ, ಕನ್ನಡ ತನ್ನ ಗಾತ್ರಕ್ಕೆ ನಿಲ್ಲುತ್ತದೆ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಮಾಡಿದ ಪತ್ರ ಇಲ್ಲಿ ಬೇರೆ ಫಾಂಟಿನಲ್ಲಿ ತೆರೆದು ಪುಟ ಹೆಚ್ಚುಕಡಿಮೆ ಆಗುತ್ತದೆ. ಹಾಗಾಗಿ ಕಚೇರಿಗೆ ಕಳಿಸುವುದನ್ನು ಪಿಡಿಎಫ್ ಮಾಡಿಯೇ ಕಳಿಸಿ. ಎಕ್ಸೆಲ್ ಲೆಕ್ಕದ ಸೂತ್ರಗಳು ಬಹುಪಾಲು ಬರುತ್ತವೆ, ಮ್ಯಾಕ್ರೊಗಳನ್ನು ನಂಬಬೇಡಿ.

ಮುದ್ರಿತ ಕನ್ನಡ ಕಾಗದವನ್ನು ಅಕ್ಷರವಾಗಿಸಬೇಕಾದರೆ ಟೆಸೆರಾಕ್ಟ್ ಮತ್ತು ಅದರ ಕನ್ನಡ ಪ್ಯಾಕೇಜ್ ಹಾಕಿ, ಜಿಇಮೇಜ್‌ರೀಡರ್‌ನಲ್ಲಿ ತೆರೆಯಿರಿ. 300 ಡಿಪಿಐ ಸ್ಕ್ಯಾನ್ ಇರಲಿ. ಮಾಸಿದ ಹಳೆಯ ಅಚ್ಚಿಗೆ ತಪ್ಪು ಹೆಚ್ಚು.


ಅಘನಾಶಿನಿ_ದಂಡೆ, ಕುಮಟಾ:

ಎಎಚ್‌ಸಿಐ ಮಾಡಿದ ಮೇಲೆ ಡಿಸ್ಕು ಕಂಡಿತು, ಈಗ ಎರಡೂ ಇವೆ. ಕೆಜಿಪಿಯೂ ಬಂತು. ಉಳಿದದ್ದು ಮಳೆಗಾಲ. ಇಡೀ ದಿನ ಚಾರ್ಜಿಗೆ ಹಾಕಿಯೇ ಇಡಬಹುದೇ? ಇನ್ವರ್ಟರಿನಲ್ಲಿ ಪ್ರಿಂಟರೂ ನಡೆದೀತೇ?


ಕೋಡಿಬಾಗ, ಕಾರವಾರ:

ಪ್ರಿಂಟರನ್ನು ಸಣ್ಣ ಮನೆ ಇನ್ವರ್ಟರಿಗೆ ಹಾಕಬೇಡಿ. ಲೇಸರ್ ಪ್ರಿಂಟರಿನ ಫ್ಯೂಸರ್ (ಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗ) ಬಿಸಿಯಾಗುವ ಕ್ಷಣದಲ್ಲಿ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ, ಇನ್ವರ್ಟರ್ ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ. ಲ್ಯಾಪ್‌ಟಾಪ್ ಚಾರ್ಜರಿಗೆ ಆ ತೊಂದರೆ ಇಲ್ಲ. 100ರಿಂದ 240 ವೋಲ್ಟ್ ತನಕ ಅದು ಒಪ್ಪುತ್ತದೆ, ಹಾಗಾಗಿ ನಮ್ಮ ಸಂಜೆಯ ಲೋ ವೋಲ್ಟೇಜೂ ಅದಕ್ಕೆ ಲೆಕ್ಕಕ್ಕಿಲ್ಲ. ಕೆಡಿಸುವುದು ಕರೆಂಟು ವಾಪಸ್ ಬರುವಾಗಿನ ಏರು ಮತ್ತು ಸಿಡಿಲು. ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ನಿಜವಾಗಿ ಇದೆಯೇ ನೋಡಿಸಿ. ಲೋಹದ ಮೈ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ಇಲ್ಲ ಎಂದೇ ತಿಳಿಯಿರಿ. ಅರ್ಥಿಂಗ್ ಇಲ್ಲದ ಕಡೆ ಸ್ಪೈಕ್ ಗಾರ್ಡ್ ಹಾಕಿದರೂ ಅದರ ಕೆಲಸ ಅರ್ಧಂಬರ್ಧ. ಗುಡುಗು ಕೇಳಿದ ಕೂಡಲೇ ಚಾರ್ಜರ್ ಕೀಳಿ, ಲ್ಯಾನ್ ಕೇಬಲ್ ಇರುವವರು ಅದನ್ನೂ ಕೀಳಿ. ಫೈಬರ್ ಎಳೆಯಲ್ಲಿ ಸಿಡಿಲು ಬಾರದು ನಿಜ, ರೂಟರಿನ ಅಡಾಪ್ಟರಿನಿಂದ ಲ್ಯಾನ್ ತಂತಿಗೆ ಬರುತ್ತದೆ.

ಇಡೀ ದಿನ ಚಾರ್ಜಿನಲ್ಲಿಡಬಹುದು, ಆದರೆ ಮಿತಿ ಹಾಕಿ. 7490ಗೆ ಲಿನಕ್ಸ್‌ನಲ್ಲಿ ಏನೂ ಹಾಕಬೇಕಿಲ್ಲ, ಬಯೋಸ್‌ನ ಪವರ್ ವಿಭಾಗದಲ್ಲಿ ‘ಬ್ಯಾಟರಿ ಚಾರ್ಜ್ ಕಾನ್ಫಿಗರೇಷನ್’ ಇದೆ. ‘ಕಸ್ಟಮ್’ ಆಯ್ದು ಆರಂಭ 70, ನಿಲುಗಡೆ 80 ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಿಲುಗಡೆಯನ್ನು 95ಕ್ಕೆ ಏರಿಸಿ, ಆಗ ಬ್ಯಾಟರಿಯ ಆಯುಷ್ಯಕ್ಕಿಂತ ಅಂದಿನ ಕೆಲಸ ದೊಡ್ಡದು. ಟಿ480 ಕೊಳ್ಳುವವರಿಗೆ ಇದೇ ಕೆಲಸ ಟಿಎಲ್‌ಪಿ ಎಂಬ ಲಿನಕ್ಸ್ ತಂತ್ರಾಂಶದಿಂದ ಆಗುತ್ತದೆ. ಅದರ ಜೊತೆ ಪವರ್-ಪ್ರೊಫೈಲ್ಸ್-ಡೀಮನ್ (ಅಂಥದೇ ಇನ್ನೊಂದು ತಂತ್ರಾಂಶ) ಇರಕೂಡದು.

ನಮ್ಮ ಕರಾವಳಿಯ ಇನ್ನೊಂದು ಶತ್ರು ಉಪ್ಪುಗಾಳಿ. ತಳದ ಸ್ಕ್ರೂ, ಯುಎಸ್‌ಬಿ ಬಾಯಿ, ಹಿಂಜ್ ಮೊದಲು ತುಕ್ಕು ಹಿಡಿಯುತ್ತವೆ, ಆಮೇಲೆ ರ್‍ಯಾಮ್ ಕಾಲುಗಳು ಮಂಕಾಗುತ್ತವೆ. ಯಂತ್ರ ಆನ್ ಆಗದೆ ಲೈಟು ಮಾತ್ರ ಮಿನುಗಿದರೆ ಬೋರ್ಡ್ ಹೋಯಿತು ಎನ್ನುವ ಮುಂಚೆ ಬ್ಯಾಟರಿ ಸಂಪರ್ಕ ಬಿಡಿಸಿ, ರ್‍ಯಾಮ್ ತೆಗೆದು, ಕಾಲುಗಳನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿ. ಎಷ್ಟೋ ‘ಸತ್ತ’ ಯಂತ್ರಗಳು ಇಷ್ಟಕ್ಕೇ ಏಳುತ್ತವೆ. ಬಳಸದ ದಿನಗಳಲ್ಲಿ ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬಿ, ಒಳಗೆ 200 ಗ್ರಾಂ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿ ಮಾಡಬಹುದು. ಆ ಬಾಣಲೆ ಅಡುಗೆಗೆ ಬೇಡ, ಬಣ್ಣ ಕೋಬಾಲ್ಟಿನದು, ವಿಷ. ಎಲ್ಲಕ್ಕಿಂತ ಸುಲಭದ ಉಪಾಯ ದಿನಾ ಒಂದು ಗಂಟೆ ಚಾಲೂ ಇಡುವುದು. ಒಳಗಿನ ಬಿಸಿಯೇ ತೇವ ಓಡಿಸುತ್ತದೆ.


ಸೊಪ್ಪಿನಬೆಟ್ಟ, ಶಿರಸಿ:

ಘಟ್ಟದ ಮೇಲೆ ಉಪ್ಪಿಲ್ಲ, ಬೂಸಲು ಇದೆ. ಡಬ್ಬಿ, ಸಿಲಿಕಾ ಇಲ್ಲಿಗೂ ಬೇಕು.

ಬ್ಯಾಕಪ್ ವಿಷಯ ಯಾರೂ ಎತ್ತಲಿಲ್ಲ. ಮಿಂಟ್‌ನ ಟೈಮ್‌ಶಿಫ್ಟ್ ಚಾಲೂ ಮಾಡಿ, ವಾರಕ್ಕೊಂದರಂತೆ ಎರಡು ಪ್ರತಿ ಸಾಕು. ಆದರೆ ಅದು ಕಾಯುವುದು ಸಿಸ್ಟಮನ್ನು, ನಿಮ್ಮ ಲೆಕ್ಕದ ಫೈಲುಗಳನ್ನಲ್ಲ. ಹೋಮ್ ಫೋಲ್ಡರನ್ನು ಅದು ಮೊದಲಿಗೇ ಬಿಟ್ಟಿರುತ್ತದೆ. ಲೆಕ್ಕಕ್ಕೆ ಬೇರೆ ಹೊರಗಿನ ಡಿಸ್ಕು ಬೇಕು, ಎಕ್ಸ್‌ಫ್ಯಾಟ್ ಮಾಡಿಟ್ಟರೆ ವಿಂಡೋಸ್ ಮಿಂಟ್ ಎರಡರಲ್ಲೂ ತೆರೆಯುತ್ತದೆ. ಟೈಮ್‌ಶಿಫ್ಟ್‌ನ ಪ್ರತಿಯನ್ನು ಮಾತ್ರ ಎಕ್ಸ್‌ಫ್ಯಾಟ್‌ನಲ್ಲಿ ಇಡಲಾಗದು, ಅದಕ್ಕೆ ಎಕ್ಸ್‌ಟಿ4ನಂಥ ಲಿನಕ್ಸ್‌ನದೇ ಬಗೆಯ ವಿಭಾಗ ಬೇಕು.

ಎರಡೂ ಕಡೆ ಬೇಕಾಗುವ ಫೈಲುಗಳನ್ನು ಮಿಂಟ್‌ನ ಹೋಮ್‌ನಲ್ಲಿ ಇಡಬೇಡಿ. ವಿಂಡೋಸ್‌ಗೆ ಎಕ್ಸ್‌ಟಿ4 ಸುಲಭಕ್ಕೆ ಓದಲು ಬಾರದು. ವಿಂಡೋಸ್ ಪಾಲಿನಿಂದ 40 ಜಿಬಿಯ ಒಂದು ಎನ್‌ಟಿಎಫ್‌ಎಸ್ (ವಿಂಡೋಸ್ ಬಗೆಯ, ಮಿಂಟ್‌ಗೂ ಓದಲು ಬರುವ) ವಿಭಾಗ ಮಾಡಿ ಬಿಲ್ಲು, ಪತ್ರ ಎಲ್ಲ ಅದರಲ್ಲಿರಲಿ. ಪ್ರಿಂಟ್ ತೆಗೆಯಲು ಆ ಕಡೆ ಹೋದಾಗ ಅಲ್ಲೇ ಸಿಗುತ್ತವೆ.